ಫೀಸಿನಾಚೆಗಿನ ಎರಡು ತಿಂಗಳು

(ಬಳ್ಳಾರಿಯಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ)

 

ಟ್ರಸ್ಟಿನ ಅಧ್ಯಕ್ಷರೇ, ಪದಾಧಿಕಾರಿಗಳೇ, ದಾನಿಗಳೇ, ಸಿರುಗುಪ್ಪ, ಕುರುಗೋಡು ಮತ್ತು ಬಳ್ಳಾರಿಯ ಓಣಿ ಓಣಿಗಳಿಂದ ಬಂದಿರುವ ತಂದೆತಾಯಂದಿರೇ, ಮಕ್ಕಳೇ,

ಇವತ್ತು ಚೆಕ್ ತೆಗೆದುಕೊಳ್ಳುವ ಮಕ್ಕಳ ಪಟ್ಟಿಯನ್ನು ಕಾರ್ಯದರ್ಶಿಗಳು ನಿನ್ನೆ ರಾತ್ರಿ ನನಗೆ ತೋರಿಸಿದರು. ಇಂಜಿನಿಯರಿಂಗ್ ಇದೆ, ನರ್ಸಿಂಗ್ ಇದೆ, ಫಾರ್ಮಸಿ, ಬಿ.ಕಾಂ., ಡಿಪ್ಲೊಮಾ, ಬಿ.ಇಡಿ. ಎಲ್ಲ ಇವೆ. ಬಿ.ಎಸ್ಸಿ. ಮತ್ತು ಎಂ.ಎಸ್ಸಿ. ಓದುವವರೂ ಇದ್ದಾರೆ, ಬಹಳ ಇಲ್ಲ. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಆ ಹೆಸರುಗಳ ಮೇಲೆ ನನ್ನ ಕಣ್ಣು ನಿಂತಿತು. ಇಂಜಿನಿಯರಿಂಗ್ ಮಗುವಿನ ಮುಂದೆ ಒಂದು ದಾರಿ ಕಾಣಿಸುತ್ತದೆ, ಅದು ಸರಿಯೋ ತಪ್ಪೋ ಬೇರೆ ಮಾತು. ಬಿ.ಎಸ್ಸಿ. ಮಗುವನ್ನು ಮುಂದೇನು ಅಂತ ಕೇಳಿದರೆ ಅದು ನೆಲ ನೋಡುತ್ತದೆ. ಮನೆಯವರನ್ನು ಕೇಳಿದರೆ "ಬಿ.ಇಡಿ. ಮಾಡಿಸ್ತೀವಿ ಸಾರ್, ಟೀಚರ್ ಆಗ್ಲಿ" ಅನ್ನುತ್ತಾರೆ. ಟೀಚರ್ ಆಗುವುದು ಒಳ್ಳೆಯದೇ, ನಾನೂ ಜೀವನಪೂರ್ತಿ ಅದನ್ನೇ ಮಾಡಿದವನು. ಆದರೆ ಆ ಮಗುವಿಗೆ ಇನ್ನೊಂದು ಬಾಗಿಲು ಇದೆ ಅಂತ ಯಾರೂ ಹೇಳಿರುವುದಿಲ್ಲ. ಇವತ್ತು ಆ ಬಾಗಿಲಿನ ಬಗ್ಗೆ, ಅದಕ್ಕೆ ನಿಮ್ಮಿಂದ ಏನು ಆಗಬೇಕು ಅನ್ನುವುದರ ಬಗ್ಗೆ ಮಾತಾಡಲು ಬಂದಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಸಿರುಗುಪ್ಪದಿಂದ ಒಬ್ಬ ಹುಡುಗಿ ನಮ್ಮ ವಿಭಾಗಕ್ಕೆ ಎಂ.ಎಸ್ಸಿ.ಗೆ ಸೇರಿದಳು. ತಂದೆ ರೈಸ್ ಮಿಲ್ಲಿನಲ್ಲಿ ಹಮಾಲಿ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲು. ಹೆಸರು ಹೇಳುವುದಿಲ್ಲ, ಹೇಳಬಾರದು ಅಂತ ಅವಳೇ ಕೇಳಿಕೊಂಡಿದ್ದಾಳೆ. ಕ್ಲಾಸಿನಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಆದರೆ ಪ್ರಾಕ್ಟಿಕಲ್ ದಿನ ಒಮ್ಮೆ ಅವಳ ಟೈಟ್ರೇಷನ್ ರೀಡಿಂಗ್ ಉಳಿದವರದ್ದಕ್ಕೆ ಹೊಂದಲಿಲ್ಲ. ಸಾಮಾನ್ಯವಾಗಿ ಮಕ್ಕಳು ಏನು ಮಾಡುತ್ತಾರೆ? ಪಕ್ಕದವರ ನೋಟ್‌ಬುಕ್ ನೋಡಿ ರೀಡಿಂಗ್ ತಿದ್ದಿಬಿಡುತ್ತಾರೆ. ಇವಳು ತಿದ್ದಲಿಲ್ಲ. "ಸಾರ್, ನಂದು ಮೂರು ಸಲಾನೂ ಹಿಂಗೇ ಬರ್ತಿದೆ" ಅಂತ ಬ್ಯುರೆಟ್ಟಿನ ಮುಂದೆ ನಿಂತಿದ್ದಳು. ಹೋಗಿ ನೋಡಿದರೆ ಅವಳಿಗೆ ಕೊಟ್ಟಿದ್ದ ದ್ರಾವಣವೇ ಬೇರೆ ಬಾಟಲಿಯದು. ತಪ್ಪು ನಮ್ಮದು, ರೀಡಿಂಗ್ ಅವಳದ್ದೇ ಸರಿ.

ಆ ದಿನ ನಾನು ಅವಳನ್ನು ಕೇಳಿದೆ: "ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರುತ್ತೆ. ಬರ್ತೀಯಾ?"

ಮಾರ್ಗದರ್ಶನ ಅಂತ ದೊಡ್ಡ ಮಾತಿನಲ್ಲಿ ಕರೆಯುವುದು ಶುರುವಾಗುವುದು ಇಷ್ಟರಿಂದಲೇ. ನಮ್ಮ ಕಡೆ 'ಗೈಡ್' ಅಂದರೆ ಪರೀಕ್ಷೆಗೆ ಮುಂಚೆ ಅಂಗಡಿಯಲ್ಲಿ ಸಿಗುವ ಪುಸ್ತಕ ಅಂತ ಮಕ್ಕಳು ತಿಳಿದಿರುತ್ತಾರೆ. ನಾನು ಹೇಳುವ ಗೈಡ್ ಬೇರೆ. ಪಾಠದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ಕೈಗೆ ಕೊಟ್ಟು, ಕೆಲಸ ಮಾಡಲು ಒಂದು ಬೆಂಚು ಕೊಟ್ಟು, ತಪ್ಪಾದಾಗ ಜೊತೆಗೆ ಕೂರುವ ಮೇಷ್ಟ್ರು.

ಪ್ರಶ್ನೆ ಯಾವುದು ಕೊಡುವುದು? ನಮ್ಮ ಊರಲ್ಲೇ ಇತ್ತು. ಬಳ್ಳಾರಿಯ ಜೀನ್ಸ್ ನಿಮಗೆಲ್ಲ ಗೊತ್ತು. ಈ ಸಭೆಯಲ್ಲಿ ಕೂತಿರುವ ಎಷ್ಟೋ ಮನೆಗಳ ಅನ್ನ ಅದರಿಂದಲೇ ನಡೆಯುತ್ತದೆ. ಬಟ್ಟೆ ತೊಳೆದಾಗ ಬಣ್ಣದ ನೀರು ಬರುತ್ತದೆ. ಆ ಕಡೆ ಸಿರುಗುಪ್ಪದಲ್ಲಿ ಭತ್ತ. ಕ್ವಿಂಟಾಲ್ ಭತ್ತ ಮಿಲ್ಲಿಗೆ ಹಾಕಿದರೆ ಸುಮಾರು 20 ಕಿಲೋ ಹೊಟ್ಟು ಬರುತ್ತದೆ. ಅದನ್ನು ಬಾಯ್ಲರಿಗೆ ಹಾಕಿ ಸುಟ್ಟರೆ ಸುಮಾರು 4 ಕಿಲೋ ಬೂದಿ ಉಳಿಯುತ್ತದೆ. ಆ ಬೂದಿಯ ಹೆಚ್ಚಿನ ಪಾಲು ಸಿಲಿಕಾ, ಅಂದರೆ ಮರಳಿನಲ್ಲಿ ಇರುವ ವಸ್ತುವೇ, ಆದರೆ ಬಹಳ ನುಣುಪಾಗಿ, ತೂತುತೂತಾಗಿ ಇರುತ್ತದೆ. ಇಂಥ ಬೂದಿ ನೀರಿನಲ್ಲಿರುವ ಬಣ್ಣವನ್ನು ತನ್ನ ಮೈಮೇಲೆ ಹಿಡಿದುಕೊಳ್ಳುತ್ತದೆ. ಇದು ಹೊಸ ಸಂಗತಿಯಲ್ಲ, ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ಮಾಡಿದ್ದಾರೆ. ಕಲಿಯುವವರಿಗೆ ಪ್ರಶ್ನೆ ಹೊಸದಿರಬೇಕಿಲ್ಲ, ಉತ್ತರ ತಾವೇ ಹುಡುಕಬೇಕು, ಅಷ್ಟೆ. "ನಿಮ್ಮ ಊರಿನ ಬೂದಿ ಎಷ್ಟು ಬಣ್ಣ ಹಿಡಿಯುತ್ತೆ ನೋಡು" ಅಂದೆ.

ಅವಳ ಅಬ್ಬಾ ಮಿಲ್ಲಿನಿಂದ ಎರಡು ಚೀಲ ಬೂದಿ ಬಸ್ಸಿಗೆ ಹಾಕಿ ಕಳಿಸಿದರು. ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಕರಗಿಸಿದ ನೀರಿಗೆ ತೂಕ ಮಾಡಿದ ಬೂದಿ ಹಾಕಿ, ಅಲುಗಾಡಿಸಿ, ಸೋಸಿ, ಕಲರಿಮೀಟರಿನಲ್ಲಿ ಉಳಿದ ಬಣ್ಣ ಅಳೆಯಬೇಕು. ಮೊದಲ ಶನಿವಾರ ನೀರು ಹೆಚ್ಚುಕಮ್ಮಿ ತಿಳಿಯಾಯಿತು. ಹುಡುಗಿಯ ಮುಖ ನೋಡಬೇಕಿತ್ತು! ಎರಡನೇ ಶನಿವಾರ ಹೊಸ ಚೀಲ ಬಿಚ್ಚಿದಳು. ಅದೇ ತೂಕ, ಅದೇ ಹೊತ್ತು, ನೀರು ನೀಲಿಯಾಗಿಯೇ ಉಳಿಯಿತು. ಮೂರನೇ ಶನಿವಾರವೂ ಹಾಗೇ. ನೋಟ್‌ಬುಕ್ಕಿನ ಆ ಹಾಳೆಯನ್ನು ಹರಿಯಲು ಹೋದಳು. ನಾನು ಬಿಡಲಿಲ್ಲ. ಲ್ಯಾಬ್ ನೋಟ್‌ಬುಕ್ಕಿನಲ್ಲಿ ಹಾಳೆ ಹರಿಯುವಂತಿಲ್ಲ, ಅಳಿಸುವಂತಿಲ್ಲ, ತಪ್ಪಿದ್ದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ವ್ಯಾಪಾರದವರ ರೋಕಡ ಪುಸ್ತಕದ ಹಾಗೆ. ನಷ್ಟದ ದಿನದ ಲೆಕ್ಕವನ್ನೂ ಬರೆಯದ ಅಂಗಡಿ ಎಷ್ಟು ದಿನ ನಡೆಯುತ್ತದೆ?

ಎರಡು ಚೀಲಕ್ಕೆ ಏನು ವ್ಯತ್ಯಾಸ ಅಂತ ನಾನು ಕೇಳಿದೆ. ಗೊತ್ತಿಲ್ಲ ಅಂದಳು. "ಯಾರಿಗೆ ಗೊತ್ತಿರುತ್ತೆ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅಬ್ಬಾಗೆ" ಅಂದಳು. ಅಲ್ಲಿಂದಲೇ ಫೋನ್ ಮಾಡಿಸಿದೆ. ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ: "ಒಂದು ಹಳೇ ಬಾಯ್ಲರ್‌ದು, ಇನ್ನೊಂದು ಹೊಸಾದ್ದು. ಹಳೇದ್ರಾಗ ಹೊಟ್ಟು ಪೂರಾ ಸುಡಂಗಿಲ್ಲ ಸಾರ್, ಬೂದಿ ಕರ್ರಗ ಬರ್ತದ. ಹೊಸಾದ್ರಾಗ ಬೆಳ್ಳಗ ಬರ್ತದ."

ಉತ್ತರ ಅದೇ ಆಗಿತ್ತು. ಪೂರ್ತಿ ಸುಡದ ಕರಿ ಬೂದಿಯಲ್ಲಿ ಇದ್ದಿಲು ಉಳಿದಿರುತ್ತದೆ, ನಮ್ಮ ಬಣ್ಣವನ್ನು ಹೆಚ್ಚಾಗಿ ಹಿಡಿಯುತ್ತಿದ್ದುದು ಅದು. ಆಮೇಲೆ ಎರಡನ್ನೂ ಬೇರೆಬೇರೆ ಇಟ್ಟು, ಪ್ರತಿಯೊಂದನ್ನೂ ಮೂರು ಮೂರು ಸಲ ಮಾಡಿ ಖಚಿತ ಮಾಡಿಕೊಂಡಳು. ಹತ್ತು ವರ್ಷ ಮೂಟೆ ಹೊತ್ತ ಮನುಷ್ಯನಿಗೆ ಗೊತ್ತಿದ್ದ ಸಂಗತಿ ಪುಸ್ತಕ ಓದಿದ ನನಗೆ ಹೊಳೆದಿರಲಿಲ್ಲ.

ಇಲ್ಲಿ ಸ್ವಲ್ಪ ಹಳೆಯ ಕಥೆಯೊಂದನ್ನು ಹೇಳಬೇಕು, ಮುಂದಿನ ಮಾತಿಗೆ ಅದು ಬೇಕು.

1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಕಮಲಾ ಭಾಗವತ್ ಅನ್ನುವ ಯುವತಿ ಅರ್ಜಿ ಹಾಕಿದರು. ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮುಂಚೂಣಿಯಲ್ಲಿ ಪಾಸಾಗಿದ್ದವರು. ಅವರ ತಂದೆ, ದೊಡ್ಡಪ್ಪ-ಚಿಕ್ಕಪ್ಪಂದಿರ ಮನೆಯಲ್ಲೇ ರಸಾಯನಶಾಸ್ತ್ರ ಇತ್ತು. ಆದರೂ ಆಗ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಹೆಣ್ಣುಮಗಳು ಅನ್ನುವ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ನೊಬೆಲ್ ಬಂದು ಮೂರು ವರ್ಷವಾಗಿದ್ದ ಮನುಷ್ಯ! ಕಮಲಾ ಹಟ ಬಿಡಲಿಲ್ಲ, ಕಾರಣ ಕೇಳಿದರು, ಸತ್ಯಾಗ್ರಹಕ್ಕೂ ಸಿದ್ಧರಾದರು. ಕೊನೆಗೆ ರಾಮನ್ ಷರತ್ತು ಹಾಕಿ ಒಪ್ಪಿದರು: ಮೊದಲ ವರ್ಷ ಪೂರ್ಣ ವಿದ್ಯಾರ್ಥಿನಿ ಅಂತ ಲೆಕ್ಕವಿಲ್ಲ, ಕೆಲಸ ನೋಡಿ ಆಮೇಲೆ ತೀರ್ಮಾನ. ಆ ಅವಮಾನವನ್ನು ಅವರು ಮುಪ್ಪಿನವರೆಗೂ ಮರೆಯಲಿಲ್ಲ.

ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯವಾದವರು ಇನ್ನೊಬ್ಬರು. ಅದೇ ಸಂಸ್ಥೆಯಲ್ಲಿ ಶ್ರೀನಿವಾಸಯ್ಯ ಅಂತ ಒಬ್ಬ ಮೇಷ್ಟ್ರಿದ್ದರು. ಷರತ್ತಿನ ಮೇಲೆ ಬಂದ ಈ ವಿದ್ಯಾರ್ಥಿನಿಯನ್ನು ತಮ್ಮ ಲ್ಯಾಬಿಗೆ ತೆಗೆದುಕೊಂಡರು. ಬಹಳ ಕಟ್ಟುನಿಟ್ಟು. ಕೆಲಸದಲ್ಲಿ ರಿಯಾಯಿತಿ ಇಲ್ಲ, ಆದರೆ ಕಲಿಸುವುದರಲ್ಲಿ ಕೈ ಹಿಡಿತವೂ ಇಲ್ಲ. ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನಿನ ಮೇಲೆ ಕಮಲಾ ಅಲ್ಲಿ ಕೆಲಸ ಮಾಡಿದರು. ಬಡವರ ಮನೆಯ ಊಟಕ್ಕೆ ಸಂಬಂಧಿಸಿದ ವಿಷಯ. 1936ರಲ್ಲಿ ಎಂ.ಎಸ್ಸಿ. ಮುಗಿಯಿತು, 1939ರಲ್ಲಿ ಕೇಂಬ್ರಿಜಿನಿಂದ ಪಿಎಚ್.ಡಿ. ಬಂತು. ಮುಂದೆ ಕಮಲಾ ಸೊಹೊನಿ ಅಂತ ಹೆಸರಾದವರು ಇವರೇ. ಅವರ ಕೆಲಸ ನೋಡಿದ ಮೇಲೆ ರಾಮನ್ ಕೂಡ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರು. 1940ರಲ್ಲಿ ಕೇರಳದ ಕಡೆಯಿಂದ ಬಂದ ಅಣ್ಣಾ ಮಣಿ ರಾಮನ್ ಲ್ಯಾಬಿನಲ್ಲೇ ವಜ್ರ, ಮಾಣಿಕ್ಯಗಳ ಮೇಲೆ ಬೆಳಕು ಬಿಟ್ಟು ಸಂಶೋಧನೆ ಮಾಡಿದರು.

ಅಣ್ಣಾ ಮಣಿಯವರ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ, ಅರ್ಜಿ ತುಂಬುವ ತಂದೆತಾಯಂದಿರು ಕೇಳಿಸಿಕೊಳ್ಳಬೇಕು. ಅವರು ಪ್ರಬಂಧ ಬರೆದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲ ಅನ್ನುವ ಕಾರಣಕ್ಕೆ ಪಿಎಚ್.ಡಿ. ಕೊಡಲಿಲ್ಲ. ಐದು ವರ್ಷದ ಕೆಲಸ ಒಂದು ಕಾಗದದ ಮುಂದೆ ಸೋತಿತು. ಅವರು ಎದೆಗುಂದಲಿಲ್ಲ, ಹವಾಮಾನ ಇಲಾಖೆಯಲ್ಲಿ ದೊಡ್ಡ ಕೆಲಸ ಮಾಡಿದರು, ಅದು ಬೇರೆ. ಆದರೆ ಎಲ್ಲರೂ ಅಣ್ಣಾ ಮಣಿ ಆಗುವುದಿಲ್ಲವಲ್ಲ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ಬೇರೆ, ಹೀಗೆ ಕಾಗದಕ್ಕೆ ಸೋತ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸಿರುಗುಪ್ಪದ ಹುಡುಗಿಗೆ ವಾಪಸ್ ಬರೋಣ. 2017ರ ನವೆಂಬರಿನಲ್ಲಿ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಕರೆದರು. ಈ ಫೆಲೋಶಿಪ್ ಏನು ಅಂತ ಹೇಳಿಬಿಡುತ್ತೇನೆ, ನಿಮ್ಮ ಮಕ್ಕಳಿಗೂ ಬೇಕಾಗುತ್ತದೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಇದೆ. 1934ರಲ್ಲಿ ರಾಮನ್ ಅವರೇ ಕಟ್ಟಿದ್ದು. ಅದು, ದೆಹಲಿಯ ಅಕಾಡೆಮಿ, ಅಲಹಾಬಾದಿನ ಅಕಾಡೆಮಿ, ಈ ಮೂರೂ ಸೇರಿ ಬೇಸಿಗೆಯಲ್ಲಿ ಎರಡು ತಿಂಗಳು ವಿದ್ಯಾರ್ಥಿಗಳನ್ನು ದೇಶದ ದೊಡ್ಡ ಲ್ಯಾಬುಗಳಿಗೆ, ಒಬ್ಬೊಬ್ಬ ವಿಜ್ಞಾನಿಯ ಕೈಕೆಳಗೆ ಕಳಿಸುತ್ತವೆ. ಸ್ಟೈಪೆಂಡ್ ಇರುತ್ತದೆ. ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಬೇಕು, ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ. ಜೊತೆಗೆ ಎರಡು ಸಂಗತಿ ಬೇಕು: ಏನು ಮಾಡಬೇಕೆಂದಿದ್ದೇನೆ ಅನ್ನುವ ಒಂದು ಚಿಕ್ಕ ಬರಹ, ಮತ್ತು ಮಗುವನ್ನು ಬಲ್ಲ ಒಬ್ಬ ಅಧ್ಯಾಪಕರ ಶಿಫಾರಸು ಪತ್ರ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥದೇ ಎರಡು ತಿಂಗಳ ಫೆಲೋಶಿಪ್ ಇದೆ.

ನಮ್ಮ ಮಕ್ಕಳು ಸಿಕ್ಕಿಬೀಳುವುದು ಆ ಶಿಫಾರಸು ಪತ್ರದಲ್ಲಿ. ಅಂಕ ಇರುತ್ತದೆ, ಬಲ್ಲ ಅಧ್ಯಾಪಕರು ಇರುವುದಿಲ್ಲ. ನೂರು ಮಕ್ಕಳ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಕ್ಲಾಸ್ ಮುಗಿದ ತಕ್ಷಣ ಬಸ್ಸಿಗೆ ಓಡುವ ಮಗುವಿನ ಬಗ್ಗೆ ಮೇಷ್ಟ್ರು ಏನು ಬರೆಯಬೇಕು? "ಸದ್ಗುಣಿ, ಶ್ರಮಜೀವಿ" ಅಂತ ಎರಡು ಸಾಲು ಬರೆದು ಸೀಲು ಒತ್ತುತ್ತಾರೆ. ಓದುವವರಿಗೆ ಗೊತ್ತಾಗಿಬಿಡುತ್ತದೆ. ಶನಿವಾರದ ಬೂದಿಯ ಕೆಲಸ ಇದ್ದುದರಿಂದ ನಾನು ಒಂದು ಪುಟ ತುಂಬ ಬರೆಯಲು ಆಯಿತು.

ಅವಳ ಬರಹದ ಮೊದಲ ಕರಡು ಇನ್ನೂ ನಗು ಬರಿಸುತ್ತದೆ. ವಿಜ್ಞಾನವು ಮಾನವಕುಲಕ್ಕೆ ವರದಾನ ಅಂತ ಶುರು! ಎಲ್ಲಿಂದಲೋ ಇಳಿಸಿಕೊಂಡಿದ್ದಳು. ಅಷ್ಟನ್ನೂ ಹೊಡೆದುಹಾಕಿ, "ಕರಿ ಬೂದಿ, ಬಿಳಿ ಬೂದಿ ಬಗ್ಗೆ ಬರಿ, ಮೊದಲು ಯಾಕೆ ತಪ್ಪಾಯ್ತು ಅಂತ ಬರಿ" ಅಂದೆ. ನಾಲ್ಕು ಸಲ ತಿದ್ದಿದೆವು. ಆ ಬರಹದಿಂದಲೇ ಆಯ್ಕೆಯಾದಳು ಅಂತ ನಾನು ಹೇಳಲಾರೆ. ಆಯ್ಕೆಯಂತೂ ಆಯಿತು. ಬೆಂಗಳೂರಿನ ಒಂದು ಲ್ಯಾಬು, ಮೇ ಮತ್ತು ಜೂನ್.

ಆಗ ನಿಜವಾದ ಪರೀಕ್ಷೆ ಶುರುವಾಯಿತು. ಮನೆಯಲ್ಲಿ ಬೇಡ ಅಂದರು.

ಅವಳ ಅಬ್ಬಾ ನನ್ನ ಕೊಠಡಿಗೇ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. "ಸಾರ್, ನೀವು ಹೇಳಿದ್ರ ನಾನು ಇಲ್ಲ ಅನ್ನಂಗಿಲ್ಲ. ಆದ್ರ ಎರಡು ತಿಂಗಳು, ಅಷ್ಟು ದೊಡ್ಡ ಊರಾಗ, ಒಬ್ಬಳೇ. ನಾಳೆ ಸಂಬಂಧ ನೋಡಾಕ ಬಂದೋರು ಕೇಳಿದ್ರ ಏನ್ ಹೇಳ್ಲಿ?" ಅಂದರು. ಇದನ್ನು ಕೇಳಿ ಕೆಲವರಿಗೆ ಕೋಪ ಬರಬಹುದು. ನನಗೆ ಬರಲಿಲ್ಲ. ಆ ಮನುಷ್ಯ ಮಗಳನ್ನು ಎಂ.ಎಸ್ಸಿ.ವರೆಗೆ ಓದಿಸಿದ್ದಾರೆ, ಅದೇ ಅವರ ಓಣಿಯಲ್ಲಿ ಯಾರೂ ಮಾಡದ ಕೆಲಸ. ಅವರ ಭಯಕ್ಕೆ ಭಾಷಣ ಉತ್ತರವಲ್ಲ. ಹಾಸ್ಟೆಲ್ ಎಲ್ಲಿ, ರಾತ್ರಿ ಗೇಟು ಎಷ್ಟು ಗಂಟೆಗೆ ಹಾಕುತ್ತಾರೆ, ಗೈಡ್ ಯಾರು, ಯಾರ ನಂಬರಿಗೆ ಫೋನ್ ಮಾಡಬೇಕು, ಇವು ಅವರಿಗೆ ಬೇಕಾದ ಉತ್ತರ.

ನಮ್ಮ ವಿಭಾಗದಲ್ಲಿ ಒಬ್ಬರು ಮೇಡಂ ಇದ್ದರು. ಭಾನುವಾರ ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋದರು, ಅವರ ಮನೆಯಲ್ಲಿ ಅಮ್ಮಿಯ ಜೊತೆ ಅಡುಗೆಮನೆಯಲ್ಲಿ ಕೂತರು. ಏನು ಮಾತಾಡಿದರೋ ಪೂರ್ತಿ ನನಗೆ ಹೇಳಲಿಲ್ಲ. ಬೆಂಗಳೂರಿನ ಗೈಡಿಗೆ ಅಲ್ಲಿಂದಲೇ ಫೋನ್ ಮಾಡಿ ಅಮ್ಮಿಯ ಕೈಗೆ ಕೊಟ್ಟರಂತೆ. ಅಮ್ಮಿ ಮಗಳ ಜೊತೆ ಹೋಗಿ, ಹಾಸ್ಟೆಲ್ ನೋಡಿ, ಎರಡು ದಿನ ಇದ್ದು ಬರುವುದು ಅಂತ ತೀರ್ಮಾನವಾಯಿತು. ಅಬ್ಬಾ ಕೊನೆಗೆ ಹೇಳಿದ್ದು ಇಷ್ಟು: "ಬೂದಿ ಬಗ್ಗೆ ನನ್ನ ಕೇಳಿದ್ರಲ್ಲ ಸಾರ್, ಅವತ್ತೇ ತಿಳೀತು, ಈ ಹುಡುಗಿ ಏನೋ ಮಾಡ್ತಾಳ ಅಂತ."

ಇನ್ನು ದುಡ್ಡು. ಸ್ಟೈಪೆಂಡ್ ಇದೆಯಲ್ಲ, ಮತ್ತೇನು ಅಂತ ನೀವು ಕೇಳಬಹುದು. ಸ್ಟೈಪೆಂಡ್ ಕೈಗೆ ಬರುವುದು ಕೆಲಸ ಶುರುವಾದ ಮೇಲೆ. ಅದಕ್ಕೂ ಮೊದಲೇ ಇಬ್ಬರ ಟಿಕೆಟ್ಟು, ಹಾಸ್ಟೆಲ್ ಮುಂಗಡ, ಹಾಸಿಗೆ, ಒಂದು ಜೊತೆ ಶೂ, ಮೊದಲ ತಿಂಗಳ ಊಟ ಆಗಬೇಕು. ಹಮಾಲಿಯ ಮನೆಯಲ್ಲಿ ಒಂದೇ ಸಲಕ್ಕೆ ಅಷ್ಟು ಎಲ್ಲಿಂದ ಬರಬೇಕು? ಬಳ್ಳಾರಿಯ ಒಬ್ಬ ಬಟ್ಟೆ ಅಂಗಡಿಯವರು ಕೊಟ್ಟರು. ರಸೀದಿಯನ್ನೂ ಕೇಳಲಿಲ್ಲ. ಈ ಸಭೆಯಲ್ಲೂ ಇದ್ದಾರೆ, ನನ್ನ ಕಡೆ ನೋಡಬೇಡಿ ಅಂತ ತಲೆ ತಗ್ಗಿಸಿದ್ದಾರೆ.

ಆ ವರ್ಷ, 2018ರಲ್ಲಿ, ರಂಜಾನ್ ಮೇ ತಿಂಗಳ ಮಧ್ಯದಲ್ಲೇ ಶುರುವಾಯಿತು. ಹುಡುಗಿ ಉಪವಾಸ ಇಟ್ಟುಕೊಂಡೇ ಲ್ಯಾಬಿಗೆ ಹೋಗುತ್ತಿದ್ದಳು, ಯಾರಿಗೂ ಹೇಳಿರಲಿಲ್ಲ. ಸಹರಿಗೆ ಬಿಸ್ಕತ್ತು, ನೀರು. ನಾಲ್ಕನೇ ದಿನ ಗೈಡಿಗೆ ಗೊತ್ತಾಗಿ, ಮೆಸ್ಸಿನವರಿಗೆ ಹೇಳಿ ರಾತ್ರಿಯೇ ಡಬ್ಬಿ ಕಟ್ಟಿಡುವ ವ್ಯವಸ್ಥೆ ಮಾಡಿದರಂತೆ. ಮಧ್ಯಾಹ್ನದ ಬದಲು ಬೆಳಿಗ್ಗೆ ಬೇಗ ಬಂದು ಕೆಲಸ ಮುಗಿಸಿಕೋ ಅಂದರಂತೆ. ಆ ಗೈಡ್ ನಮ್ಮ ಸಮುದಾಯದವರಲ್ಲ, ಕನ್ನಡದವರೂ ಅಲ್ಲ. ಹುಡುಗಿ ಬಂದು ನನಗೆ ಹೇಳಿದ್ದು ಲ್ಯಾಬಿನ ದೊಡ್ಡ ಯಂತ್ರಗಳ ಬಗ್ಗೆಗಿಂತ ಆ ಡಬ್ಬಿಯ ಬಗ್ಗೆ ಹೆಚ್ಚು.

ಅವಳು ನೊಬೆಲ್ ಗೆದ್ದಿಲ್ಲ. ಇವತ್ತು ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದಾಳೆ, ಮದುವೆಯಾಗಿದೆ, ಒಂದು ಮಗುವಿದೆ. ಕಳೆದ ಚಳಿಗಾಲದಲ್ಲಿ ಫೋನ್ ಮಾಡಿ, "ಸಾರ್, ನನ್ನ ಸ್ಟೂಡೆಂಟಿಗೆ ಶಿಫಾರಸು ಪತ್ರ ಬರೀಬೇಕು, ನೀವು ನಂಗೆ ಬರೆದಿದ್ದು ಇದೆಯಾ?" ಅಂತ ಕೇಳಿದಳು. ಇತ್ತು, ಕಳಿಸಿದೆ. ನೋಡಿಕೊಂಡು ಬರೆಯಬೇಡ ಅಂತಲೂ ಹೇಳಿದೆ.

ಇಷ್ಟೇ ಹೇಳಿ ಕೂತರೆ ನನ್ನನ್ನು ನಾನೇ ಹೊಗಳಿಕೊಂಡ ಹಾಗಾಗುತ್ತದೆ. ಅದಕ್ಕೂ ಮೊದಲಿನ ಇನ್ನೊಂದು ಸಂಗತಿ ಹೇಳಬೇಕು.

ಕುರುಗೋಡಿನ ಕಡೆಯಿಂದ ಒಬ್ಬ ಹುಡುಗ ಬರುತ್ತಿದ್ದ. ಲೆಕ್ಕದಲ್ಲಿ ಬಹಳ ಚುರುಕು, ಕ್ವಾಂಟಂ ಕೆಮಿಸ್ಟ್ರಿಯ ಸಮಸ್ಯೆಗಳನ್ನು ನಾನು ಬೋರ್ಡಿನ ಮೇಲೆ ಮುಗಿಸುವ ಮೊದಲೇ ಮುಗಿಸಿಬಿಡುತ್ತಿದ್ದ. ಆದರೆ ಮಧ್ಯಾಹ್ನ ಮೂರಕ್ಕೆ ಎದ್ದು ಹೋಗುತ್ತಿದ್ದ. ಸೆಮಿನಾರ್ ಇದ್ದರೂ ಹೋಗುತ್ತಿದ್ದ, ಹೊರಗಿನಿಂದ ವಿಜ್ಞಾನಿ ಬಂದರೂ ಹೋಗುತ್ತಿದ್ದ. ಅವನಿಗೆ ಆಸಕ್ತಿ ಇಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಬೇಸಿಗೆ ಫೆಲೋಶಿಪ್ ಅರ್ಜಿ ಬಂದಾಗ ಬೇರೆ ಇಬ್ಬರಿಗೆ ಹೇಳಿದೆ, ಅವನಿಗೆ ಹೇಳಲಿಲ್ಲ. ಎಂ.ಎಸ್ಸಿ. ಮುಗಿಸಿ ಹೋದ. ಎಷ್ಟೋ ವರ್ಷದ ಮೇಲೆ ಒಂದು ಮದುವೆಯಲ್ಲಿ ಅವನ ತಂದೆ ಸಿಕ್ಕರು. ಮಾತಿಗೆ ಮಾತು ಬಂದು ಗೊತ್ತಾಯಿತು: ಮೂರೂವರೆಯಿಂದ ರಾತ್ರಿಯವರೆಗೆ ಬಳ್ಳಾರಿಯಲ್ಲೇ ಜೀನ್ಸ್ ಘಟಕದಲ್ಲಿ ಬಟನ್ ಹಾಕುವ ಕೆಲಸಕ್ಕೆ ಹೋಗುತ್ತಿದ್ದನಂತೆ. ಕೊನೆಯ ಬಸ್ಸಿಗೆ ಊರು. ಫೀಸು ಕಟ್ಟುತ್ತಿದ್ದುದು ಆ ದುಡ್ಡಿನಿಂದ. ಈಗ ಹೊರರಾಜ್ಯದಲ್ಲಿ ಒಂದು ಗೋದಾಮಿನ ಲೆಕ್ಕ ನೋಡಿಕೊಳ್ಳುತ್ತಿದ್ದಾನೆ. "ಖುಷಿಯಾಗಿದ್ದಾನೆ ಸಾರ್" ಅಂದರು ಅವರು. ಇರಲಿ. ಎರಡು ವರ್ಷದಲ್ಲಿ ಒಂದು ದಿನವಾದರೂ "ಮೂರು ಗಂಟೆಗೆ ಎಲ್ಲಿಗೆ ಹೋಗ್ತೀಯಪ್ಪಾ?" ಅಂತ ನಾನು ಕೇಳಬಹುದಿತ್ತು. ಕೇಳಲಿಲ್ಲ. ಸಿರುಗುಪ್ಪದ ಹುಡುಗಿಗೆ ಶನಿವಾರದ ಮಾತು ಹೇಳಿದ್ದು ಈ ಮದುವೆಯ ನಂತರ.

ಇದು ನನ್ನೊಬ್ಬನ, ಅಥವಾ ಬಳ್ಳಾರಿಯೊಂದರ ಕಥೆಯಲ್ಲ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ಅಂತ ಸರ್ಕಾರವೇ ಮಾಡುತ್ತದೆ. 2020-21ರಲ್ಲಿ ದೇಶದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸುಮಾರು 4.14 ಕೋಟಿ ಮಕ್ಕಳಿದ್ದರು, ಅದರಲ್ಲಿ ಮುಸ್ಲಿಂ ಮಕ್ಕಳು ಶೇ. 4.6. ಜನಸಂಖ್ಯೆಯಲ್ಲಿ ನಮ್ಮ ಪಾಲು 2011ರ ಗಣತಿಯಂತೆ ಶೇ. 14.2. ಇನ್ನು ಸಂಶೋಧನೆಗೆ ಹೋಗುವವರಿಗೆ ಆಸರೆಯಾಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ಅಂದರೆ ಮೊದಲೇ ಸಣ್ಣದಿದ್ದ ದಾರಿ ಇನ್ನೂ ಸಣ್ಣದಾಗಿದೆ. ಇದರ ಬಗ್ಗೆ ಸಿಟ್ಟು ಮಾಡಿಕೊಳ್ಳಲು ಬೇರೆ ವೇದಿಕೆಗಳಿವೆ, ಇಲ್ಲಿ ನಾನು ಲೆಕ್ಕವನ್ನಷ್ಟೇ ಹೇಳುತ್ತಿದ್ದೇನೆ.

ದಾನಿಗಳಿಗೆ ಅಂತಲೇ ಒಂದು ದೂರದ ಉದಾಹರಣೆ. ಅಮೆರಿಕದ ಬಾಲ್ಟಿಮೋರ್ ಹತ್ತಿರ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಇದೆ. ಅಲ್ಲಿ ಕಪ್ಪು ಜನಾಂಗದ ಮಕ್ಕಳು ವಿಜ್ಞಾನಕ್ಕೆ ಸೇರುತ್ತಿದ್ದರು, ಅರ್ಧಕ್ಕೇ ಬಿಡುತ್ತಿದ್ದರು. 1988ರಲ್ಲಿ ಫ್ರೀಮನ್ ಹ್ರಬೌಸ್ಕಿ ಅನ್ನುವ ಗಣಿತದ ಮೇಷ್ಟ್ರು ಮತ್ತು ರಾಬರ್ಟ್ ಹಾಗೂ ಜೇನ್ ಮೇಯರ್‌ಹಾಫ್ ಅನ್ನುವ ಶ್ರೀಮಂತ ದಂಪತಿ ಸೇರಿ ಒಂದು ಯೋಜನೆ ಶುರುಮಾಡಿದರು. ಮೊದಲ ತಂಡದಲ್ಲಿ ಇದ್ದದ್ದು 19 ಹುಡುಗರು, ಮರುವರ್ಷದಿಂದ ಹುಡುಗಿಯರೂ ಬಂದರು, 1996ರಿಂದ ಎಲ್ಲ ಜನಾಂಗದವರಿಗೂ ತೆರೆದರು. ದಾನಿಗಳ ದುಡ್ಡು ಫೀಸಿಗೆ ಹೋಯಿತು, ನಿಜ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಕಾಲೇಜು ಶುರುವಾಗುವ ಮೊದಲಿನ ಬೇಸಿಗೆಯಲ್ಲೇ ಮಕ್ಕಳನ್ನು ಕರೆಸಿ ಒಟ್ಟಿಗೆ ಇರಿಸಿದರು, ಒಟ್ಟಿಗೆ ಓದುವ ಅಭ್ಯಾಸ ಮಾಡಿಸಿದರು, ಬೇಗನೇ ಪ್ರಾಧ್ಯಾಪಕರ ಲ್ಯಾಬುಗಳಿಗೆ ಬಿಟ್ಟರು. ಅಲ್ಲಿ ಕಲಿತವರಲ್ಲಿ ಒಬ್ಬರು ಕಿಜ್‌ಮೆಕಿಯಾ ಕಾರ್ಬೆಟ್. ಕೋವಿಡ್ ಬಂದಾಗ ಮಾಡರ್ನಾ ಲಸಿಕೆಯ ಹಿಂದಿದ್ದ ಸರ್ಕಾರಿ ವಿಜ್ಞಾನಿಗಳ ತಂಡದಲ್ಲಿ ಮುಂದೆ ನಿಂತವರು. ಅವರು ಹೈಸ್ಕೂಲಿನಲ್ಲಿದ್ದಾಗಲೇ ಬೇಸಿಗೆ ರಜೆಯಲ್ಲಿ ಒಂದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಕೆಲಸ ಮಾಡಿದ್ದರು.

ಮೇಯರ್‌ಹಾಫ್ ದಂಪತಿಯಷ್ಟು ದುಡ್ಡು ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ, ಬೇಕಾಗಿಯೂ ಇಲ್ಲ. ನಾನು ಟ್ರಸ್ಟಿನ ಸಮಿತಿಗೆ ಕೇಳಿದ್ದು ಚಿಕ್ಕದು: ಈಗಿರುವ ಫೀಸು ನೆರವಿನ ಪಕ್ಕದಲ್ಲಿ ಬೇಸಿಗೆ ಸಂಶೋಧನೆಗೆ ಅಂತ ಒಂದು ಪ್ರತ್ಯೇಕ ಬಾಬ್ತು. ಆಯ್ಕೆಯಾದ ಮಗುವಿಗೆ ಮತ್ತು ಜೊತೆಗೆ ಹೋಗುವ ತಾಯಿಗೋ ಅಣ್ಣನಿಗೋ ಪ್ರಯಾಣದ ಖರ್ಚು, ಹಾಸ್ಟೆಲ್ ಮುಂಗಡ, ಮೊದಲ ತಿಂಗಳ ಊಟ. ಮಗು ದುಡಿದು ಮನೆ ನಡೆಸುತ್ತಿದ್ದರೆ ಆ ಎರಡು ತಿಂಗಳ ಕೂಲಿಯೂ ಸೇರಬೇಕು. ಇದರ ಮೇಲೆ ಸಮಿತಿಯಲ್ಲಿ ಸ್ವಲ್ಪ ಚರ್ಚೆಯಾಯಿತು, ಕೂಲಿ ಕೊಡುವುದು ಯಾವ ಲೆಕ್ಕ ಅಂತ. ಕುರುಗೋಡಿನ ಹುಡುಗನ ಕಥೆ ಅಲ್ಲೂ ಹೇಳಿದೆ. ಈ ವರ್ಷ ಐದು ಮಕ್ಕಳಿಂದ ಶುರುಮಾಡೋಣ ಅಂತ ಒಪ್ಪಿದ್ದಾರೆ. ದಾನಿಗಳು ಕಟ್ಟಡಕ್ಕೆ ಕೊಟ್ಟರೆ ಕಲ್ಲಿನ ಮೇಲೆ ಹೆಸರು ಬರುತ್ತದೆ, ಇದಕ್ಕೆ ಕೊಟ್ಟರೆ ಎಲ್ಲೂ ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಇಲ್ಲಿ ಉಪನ್ಯಾಸಕರೂ ಕೆಲವರು ಬಂದಿದ್ದೀರಿ. ಆ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಅಧ್ಯಾಪಕರಿಗೂ ಇದೆ, ನೀವೂ ಹಾಕಿ. ಎರಡು ತಿಂಗಳು ಲ್ಯಾಬಿನಲ್ಲಿ ಕೆಲಸ ಮಾಡಿ ಬಂದ ಮೇಷ್ಟ್ರು ಮಕ್ಕಳಿಗೆ ಪ್ರಶ್ನೆ ಕೊಡುವ ರೀತಿಯೇ ಬೇರೆಯಾಗುತ್ತದೆ. ಪಿ.ಯು.ಸಿ.ಯಲ್ಲಿ ತುಂಬ ಒಳ್ಳೆಯ ಅಂಕ ತೆಗೆದು ಬಿ.ಎಸ್ಸಿ.ಗೆ ಸೇರಿದ ಮಕ್ಕಳಿದ್ದರೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ನೋಡಲು ಹೇಳಿ. ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆಯಲ್ಲಿ ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡುವುದಕ್ಕೇ ಇಟ್ಟದ್ದು. ಪಿ.ಯು.ಸಿ. ಅಂಕದ ಲೆಕ್ಕದಲ್ಲಿ ಬೋರ್ಡಿನ ಮೇಲಿನ ಶೇ. 1ರಷ್ಟು ಮಕ್ಕಳಿಗೆ ಮಾತ್ರ, ಆದರೂ ನಮ್ಮಲ್ಲಿ ಅಂಥವರು ಇದ್ದಾರೆ, ಇವತ್ತಿನ ಪಟ್ಟಿಯಲ್ಲೇ ಒಂದಿಬ್ಬರು ಇರಬಹುದು ಅಂತ ನನಗೆ ಗುಮಾನಿ.

ತಂದೆತಾಯಂದಿರಲ್ಲಿ ಒಂದು ಮಾತು. ಮಗು ಶನಿವಾರ ಲ್ಯಾಬಿನಲ್ಲಿ ಉಳಿಯುತ್ತೇನೆ ಅಂದರೆ ಅನುಮಾನ ಪಡುವ ಮೊದಲು ಮೇಷ್ಟ್ರಿಗೆ ಫೋನ್ ಮಾಡಿ. ಮೇಷ್ಟ್ರಿಗೂ ನಿಮ್ಮ ಪರಿಚಯವಾಗಲಿ. ನಿಮ್ಮ ಕೆಲಸ ಏನು ಅಂತ ಹೇಳಲು ಹಿಂಜರಿಯಬೇಡಿ.

ಮಕ್ಕಳೇ, ಅರ್ಜಿ ಕರೆಯಲು ಇನ್ನೂ ಸಮಯವಿದೆ. ಆದಾಯ ಪ್ರಮಾಣಪತ್ರ, ಅಂಕಪಟ್ಟಿಯ ಹೆಸರು, ಬ್ಯಾಂಕ್ ಖಾತೆ, ಇವನ್ನು ಈಗಲೇ ಸರಿ ಮಾಡಿಟ್ಟುಕೊಳ್ಳಿ. ಬರಹವನ್ನು ತಿದ್ದಿಕೊಡಲು ನಾನು ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಟ್ರಸ್ಟಿನ ಕಚೇರಿಯಲ್ಲೇ ಇರುತ್ತೇನೆ. ಸಿರುಗುಪ್ಪ, ಕುರುಗೋಡಿನವರು ಬಸ್ಸಿನ ಹೊತ್ತು ನೋಡಿಕೊಂಡು ಬನ್ನಿ, ತಡವಾದರೂ ಕಾಯುತ್ತೇನೆ. ಮೊಬೈಲಿನಲ್ಲಿ ಟೈಪ್ ಮಾಡಿ ತರಬೇಡಿ. ಹಾಳೆಯ ಮೇಲೆ, ಪೆನ್ಸಿಲಿನಲ್ಲಿ, ಸಾಲು ಬಿಟ್ಟು ಸಾಲು ಬರೆದು ತನ್ನಿ.